ಗಿರಣಿ ಕಮಲಾಕ್ಷಮ್ಮನೂ ಗಾಳಿಯಿಲ್ಲದ ಬೆಳಗೂ

ಶಾಂತಿಗ್ರಾಮದ ಹೆದ್ದಾರಿ ಬದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಕಮಲಾಕ್ಷಮ್ಮನಿಗೆ ಕಾಯುವುದು ಹೊಸದೇನಲ್ಲ. ಕರೆಂಟು ಬರುವುದನ್ನು ಕಾದು ಕಾದೇ ಆಕೆಯ ಅರ್ಧ ಆಯಸ್ಸು ಸವೆದಿತ್ತು. ತ್ರೀ ಫೇಸ್ ಬಂತೆಂದರೆ ಬಾಯಿಗಿಡುವ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಏಳಬೇಕು. ಹೋಯಿತೆಂದರೆ ಅರ್ಧ ಬೀಸಿದ ಹಿಟ್ಟನ್ನು ಮುಂದಿಟ್ಟುಕೊಂಡು, ಸರದಿಯಲ್ಲಿ ಕೂತವರ ಗೊಣಗಾಟವನ್ನು ನುಂಗಿಕೊಂಡು ಕೂರಬೇಕು. ಗಂಡ ಗೌರೀಶಂಕರ ಹಿಟ್ಟಿನ ದೂಳು ಕುಡಿದು ಉಬ್ಬಸ ಹತ್ತಿಸಿಕೊಂಡ ಮೇಲೆ ಜಗಲಿಯಲ್ಲಿ ಕೂತು ಸರದಿ ಕೂಗುವುದಷ್ಟೇ ಅವನ ಕೆಲಸವಾಯಿತು. ಬೆಲ್ಟು ಏರಿಸುವುದು, ಕಲ್ಲು ಬಿಗಿಯುವುದು, ಮೂಟೆ ಎತ್ತಿ ಸುರಿಯುವುದು ಎಲ್ಲವೂ ಆಕೆಯ ತಲೆಗೆ ಬಂತು.

ಈ ಕರೆಂಟಿನ ದೆಸೆಯಿಂದ ತಪ್ಪಿಹೋದದ್ದು ಒಂದೆರಡಲ್ಲ. ಅರಕಲಗೂಡಿನಲ್ಲಿ ಸ್ವಂತ ತಂಗಿಯ ಧಾರೆಯ ಹೊತ್ತಿಗೆ ಆಕೆ ಇನ್ನೂ ಬಸ್ಸಿನಲ್ಲೇ ಇದ್ದಳು. ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ದೇಶದ ಜನವೆಲ್ಲ ಗಿರಣಿಯ ಮುಂದಿನ ರಸ್ತೆಯಲ್ಲೇ ಹಾದುಹೋಯಿತು. ಆಕೆಗೆ ದಕ್ಕಿದ್ದು ವಾಹನಗಳ ಹಾರನ್ನು ಮಾತ್ರ. ಯಾವುದಕ್ಕೂ ಆಕೆ ಬಾಯಿ ಬಿಟ್ಟವಳಲ್ಲ. ತನಗೆ ಇಂಥದು ಬೇಕೆಂದು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ಸಲ, ಎರಡು ಸಾವಿರದ ನಾಲ್ಕನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ, ಬಲೂನಿನವರು ಬಂದಾಗ.

ಬೇಲೂರು, ಹಳೇಬೀಡು ನೋಡಲು ಬಂದು ಹಾಸನದ ಹೋಟೆಲುಗಳಲ್ಲಿ ಇಳಿಯುವ ಪರದೇಶದವರನ್ನು ಬಿಸಿಗಾಳಿಯ ಬಲೂನಿನಲ್ಲಿ ಮೇಲೆ ಕರೆದೊಯ್ದು ಸೀಮೆ ತೋರಿಸುತ್ತೇವೆಂದು ಹೊರಟ ಕಂಪನಿ ಅದು. ಊರಾಚೆ ಬೈರಯ್ಯನ ಕೊಯ್ದ ರಾಗಿಹೊಲವನ್ನು ಬಾಡಿಗೆಗೆ ಹಿಡಿದು ಡೇರೆ ಹೊಡೆದಿದ್ದರು. ಬಲೂನಿಗೆ ಹತ್ತುವವರ ತೂಕ ನೋಡದೆ ಹತ್ತಿಸುವಂತಿಲ್ಲ. ಅವರು ತಂದಿದ್ದ ತೂಕದ ಯಂತ್ರ ದಾರಿಯಲ್ಲೇ ಲಾರಿಯಿಂದ ಬಿದ್ದು ಕೆಟ್ಟಿತ್ತು. ಕಂಪನಿಯ ಊಟ, ವಸತಿ, ಜಾಗವನ್ನೆಲ್ಲ ನೋಡಿಕೊಳ್ಳುತ್ತಿದ್ದ ಚನ್ನರಾಯಪಟ್ಟಣದ ಶಶಿಕಿರಣ್ ಗಿರಣಿಗೆ ಬಂದು, ಮೂಟೆ ತೂಗುವ ದೊಡ್ಡ ತಕ್ಕಡಿಯನ್ನು ಬಾಡಿಗೆಗೆ ಕೇಳಿದ.

"ಬಾಡಿಗೆ ಬ್ಯಾಡ ಕಣಪ್ಪ," ಎಂದಳು ಕಮಲಾಕ್ಷಮ್ಮ. "ನನ್ನ ಒಂದ್ಸಲ ಅದ್ರಾಗೆ ಅತ್ತಿಸ್ಬುಡಿ, ಸಾಕು."

ಶಶಿಕಿರಣ್ ನಕ್ಕ. ಜಗಲಿಯಲ್ಲಿದ್ದ ಗೌರೀಶಂಕರನೂ ನಕ್ಕ. ಆಕೆ ನಗಲಿಲ್ಲ. ಆಗ ಶಶಿಕಿರಣ್, ಬುಟ್ಟಿಯಲ್ಲಿ ಜಾಗ ಇರುವ ದಿನ ಖಂಡಿತ ಕರೆದೊಯ್ಯುತ್ತೇವೆಂದು ಮಾತು ಕೊಟ್ಟ.

ಬಲೂನು ಹಾರಿಸುವವನು ಆತ್ರೇಯ ಎಂಬ ತರುಣ. ಮೈಸೂರಿನವನೇ ಆದರೂ ಈ ವಿದ್ಯೆಯನ್ನು ಪರದೇಶದಲ್ಲಿ ಕಲಿತು ಬಂದಿದ್ದ. ಹತ್ತುವವರು ಹೇಗಿರಬೇಕೆಂದು ಅವನು ಹೇಳಿದ್ದನ್ನೆಲ್ಲ ಆಕೆ ಮನಸ್ಸಿಟ್ಟು ಕೇಳಿಸಿಕೊಂಡಳು. ತಲೆಯ ಮೇಲೆ ಬೆಂಕಿ ಭುಸುಗುಟ್ಟುತ್ತಿರುತ್ತದೆ, ಹಾಗಾಗಿ ನೈಲಾನು, ರೇಷ್ಮೆ ಬೇಡ, ಹತ್ತಿಯದೇ ಆಗಬೇಕು. ಕಾಲು ಪೂರ್ತಿ ಮುಚ್ಚುವ ಬೂಟು ಬೇಕು. ತಲೆಗೆ ಬಟ್ಟೆ ಬಿಗಿದಿರಬೇಕು. ಹೊಟ್ಟೆ ಬಿರಿಯ ತಿಂದು ಬರಬಾರದು. ಬುಟ್ಟಿಗೆ ಬಾಗಿಲಿಲ್ಲ, ಪಕ್ಕದಲ್ಲಿ ಬಿಟ್ಟಿರುವ ತೂತಿಗೆ ಕಾಲಿಟ್ಟು ಏರಿ ಒಳಗಿಳಿಯಬೇಕು. ಇಳಿಯುವ ಹೊತ್ತಿನಲ್ಲಿ ಬಲೂನು ಹೋಗುತ್ತಿರುವ ದಿಕ್ಕಿಗೆ ಬೆನ್ನು ಕೊಟ್ಟು, ಮೊಣಕಾಲು ಮಡಿಸಿ, ಒಳಗಿನ ಹಗ್ಗದ ಹಿಡಿಯನ್ನು ಬಿಗಿಯಾಗಿ ಹಿಡಿದಿರಬೇಕು. ನೆಲ ತಾಗಿತೆಂದು ಒಬ್ಬರು ಹಾರಿ ಇಳಿದುಬಿಟ್ಟರೆ ಹಗುರಾದ ಬಲೂನು ಉಳಿದವರನ್ನು ಹೊತ್ತು ಮತ್ತೆ ಎದ್ದುಬಿಡುತ್ತದೆ, ಹೇಳುವ ತನಕ ಯಾರೂ ಕದಲಬಾರದು.

ಕಮಲಾಕ್ಷಮ್ಮ ಹಾಸನಕ್ಕೆ ಹೋಗಿ ಬಿಳಿ ಕ್ಯಾನ್ವಾಸ್ ಬೂಟು ತಂದಳು. ಪೆಟ್ಟಿಗೆಯ ತಳದಲ್ಲಿದ್ದ ಕಂದು ಬಣ್ಣದ ಹತ್ತಿ ಸೀರೆಯನ್ನು ಒಗೆದು ಗಂಜಿ ಹಾಕದೆ ಒಣಗಿಸಿದಳು. ಕರೆಂಟಿಲ್ಲದ ಹೊತ್ತಿನಲ್ಲಿ ಸೀರೆಯನ್ನು ಎತ್ತಿ ಸಿಕ್ಕಿಸಿ ಹಿತ್ತಿಲಿನ ನೀರಿನ ತೊಟ್ಟಿಯ ಗೋಡೆ ಹತ್ತಿ ಇಳಿದಳು. ಸಾಲಾಗಿ ನಿಲ್ಲಿಸಿದ ಮೂಟೆಗಳ ಸಂದಿನಲ್ಲಿ ಮೊಣಕಾಲು ಮಡಿಸಿ, ಚೀಲದ ಕಿವಿ ಹಿಡಿದು, ಇಳಿಯುವ ಭಂಗಿಯನ್ನು ಅಭ್ಯಾಸ ಮಾಡಿದಳು. ಅದನ್ನು ಕಂಡವರು ಸುಮ್ಮನಿದ್ದಾರೆಯೆ? ಹಿಟ್ಟು ಬೀಸಿಸಲು ಬಂದಿದ್ದ ಮುದ್ದಮ್ಮ ಎಂಬ ಮುದುಕಿ, "ಅಲ್ಲ ಕಮ್ಲಕ್ಕ, ನೀನು ಮ್ಯಾಕ್ಕೋದ್ಮೇಲೆ ಇಲ್ಲಿ ಕರೆಂಟ್ ಬಂದ್ರೆ ಯಾರು ಬೀಸೋರು, ದ್ಯಾವ್ರೇ ಬೀಸ್ಬೇಕಾ?" ಎಂದು ಕಾಲೆಳೆದಳು. "ನಿಮ್ಮಿಟ್ಟು ನಾನು ಸತ್ ಮ್ಯಾಲೂ ಬೀಸ್ತೀನಿ, ಸುಮ್ಕಿರಮ್ಮಿ," ಎಂದು ಕಮಲಾಕ್ಷಮ್ಮ ಕಾಲು ಮಡಿಸಿಕೊಂಡೇ ಉತ್ತರ ಕೊಟ್ಟಳು.

ಮೊದಲ ಬೆಳಗು ಮಂಜಿಗೆ ಹೋಯಿತು. ಇನ್ನೂ ನಸುಗತ್ತಲಿರುವಾಗಲೇ ಆಕೆ ಹೊಲಕ್ಕೆ ಬಂದು ನಿಂತಿದ್ದಳು. ಡೇರೆಯ ಮುಂದೆ ನಿಂತರೆ ಡೇರೆಯ ಹಿಂದಿನ ಹುಣಸೆಮರ ಕಾಣದಷ್ಟು ಮಂಜು. ಇಳಿಯುವ ಜಾಗ ಕಾಣದೆ ಏರುವುದು ಹೇಗೆ, ಕರೆಂಟಿನ ತಂತಿ ಎಲ್ಲಿದೆಯೋ ಏನೋ ಎಂದ ಆತ್ರೇಯ. ಮಂಜು ಹರಿಯುವ ತನಕ ಕಾದರು. ಹರಿಯಿತು, ಆದರೆ ಅದನ್ನು ಹರಿಸಿದ್ದೇ ಗಾಳಿ. ಆ ಗಾಳಿಯಲ್ಲಿ ಬಲೂನಿಗೆ ಗಾಳಿ ತುಂಬಿದರೆ ಅದು ಹಾಯಿಯಂತೆ ಉಬ್ಬಿ, ಅದನ್ನು ಕಟ್ಟಿಹಾಕಿದ ಜೀಪನ್ನೇ ಎಳೆದೊಯ್ಯುತ್ತದಂತೆ. ವಾಪಸು.

ಮರುದಿನ ಮಂಜಿರಲಿಲ್ಲ, ಹೊಲದಲ್ಲಿ ಒಂದು ಗರಿಕೆಯೂ ಅಲ್ಲಾಡುತ್ತಿರಲಿಲ್ಲ. ಆಕೆ ಬೂಟಿನ ದಾರ ಬಿಗಿದಳು. ಮೇಲಿನ ಗಾಳಿ ಹೇಗಿದೆಯೆಂದು ತಿಳಿಯಲು ಆತ್ರೇಯ ಮಕ್ಕಳಾಡುವ ಬಲೂನಿನಂಥ, ಅಂಗೈಯಗಲದ ಕಪ್ಪು ಪುಗ್ಗೆಯೊಂದನ್ನು ಮೇಲೆ ಬಿಟ್ಟು ಕತ್ತೆತ್ತಿ ನೋಡುತ್ತ ನಿಂತ. ಪುಗ್ಗೆ ನೆಟ್ಟಗೆ ಏರಿತು, ತೆಂಗಿನ ಮರದ ಎತ್ತರ ದಾಟಿದ್ದೇ ಯಾರೋ ಕೈಹಿಡಿದು ಎಳೆದಂತೆ ಹಾಸನದ ಕಡೆಗೆ ಓಡಿತು. ಅವನು ತಲೆಯಾಡಿಸಿದ.

"ಇಲ್ಲಿ ಗಾಳಿನೇ ಇಲ್ವಲ್ಲಪ್ಪ," ಎಂದು ಆಕೆ ವಾದಕ್ಕೆ ನಿಂತಳು.

"ಇಲ್ಲಿ ಇಲ್ಲ ಅಮ್ಮಾ, ಮೇಲೆ ಇದೆ. ನಾವು ಇರೋದು ಮೇಲೆ ತಾನೆ?" ಎಂದ ಆತ್ರೇಯ. ಬಲೂನಿಗೆ ಚುಕ್ಕಾಣಿ ಇಲ್ಲ, ಗಾಳಿ ಎತ್ತ ಕರೆದರೆ ಅತ್ತ ಹೋಗಬೇಕು, ಅಷ್ಟು ಜೋರಿನಲ್ಲಿ ಹೋದರೆ ಇಳಿಯುವಾಗ ಬುಟ್ಟಿ ಮಗುಚಿಕೊಂಡು ಹೊಲದುದ್ದಕ್ಕೂ ಉಜ್ಜಿಕೊಂಡು ಹೋಗುತ್ತದೆ ಎಂದು ತಾಳ್ಮೆಯಿಂದಲೇ ವಿವರಿಸಿದ. ಹಾಗಾದರೆ ಮಧ್ಯಾಹ್ನ ಹೋಗಬಾರದೇಕೆ ಎಂದು ಆಕೆ ಕೇಳಿದಳು. ಬಿಸಿಲೇರಿದ ಮೇಲೆ ನೆಲ ಕಾದು ಗಾಳಿ ಬುಗುಬುಗು ಮೇಲೇಳುತ್ತದೆ, ಬಲೂನನ್ನು ಎತ್ತಿ ಕುಕ್ಕುತ್ತದೆ, ತಂಪು ಹೊತ್ತಿನಲ್ಲೇ ಬಿಸಿಗಾಳಿಗೆ ಎತ್ತುವ ಶಕ್ತಿ ಜಾಸ್ತಿ ಎಂದ. ಆಕೆಗೆ ಎಲ್ಲ ಅರ್ಥವಾಯಿತು. ಅರ್ಥವಾದದ್ದರಿಂದ ಸಿಟ್ಟೇನೂ ಕಡಿಮೆಯಾಗಲಿಲ್ಲ.

ಆಮೇಲೆ ಮೋಡ ಕವಿಯಿತು. ಕಾಲವಲ್ಲದ ಕಾಲದಲ್ಲಿ ಬಂಗಾಳಕೊಲ್ಲಿಯಲ್ಲಿ ಏನೋ ಎದ್ದು ತುಂತುರು ಹಿಡಿದುಕೊಂಡಿತು. ನೆನೆದ ಬಲೂನಿನ ಬಟ್ಟೆ ಭಾರವಾಗುತ್ತದೆಂದು ಅದನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಕಂಪನಿಯ ಆಳುಗಳು ಡೇರೆಯಲ್ಲಿ ಇಸ್ಪೀಟು ಆಡಿದರು. ಕಮಲಾಕ್ಷಮ್ಮ ದಿನಾ ಏಳುವಳು, ಮೀಯುವಳು, ಸೀರೆ ಉಡುವಳು, ಒಂದು ಲೋಟ ಕಾಫಿಯ ಮೇಲೆ ಹೊಲಕ್ಕೆ ನಡೆಯುವಳು, ಬೂಟಿಗೆ ಕೆಸರು ಮೆತ್ತಿಸಿಕೊಂಡು ಬರುವಳು. ಬಂದವಳು ಗಿರಣಿಯಲ್ಲಿ ಸರದಿಯವರ ಮೇಲೆ ರೇಗುವಳು. ಹೆಂಡತಿಗೆ ಉಪವಾಸದ ವ್ರತ ಶುರುವಾಗಿದೆಯೆಂದು ಗೌರೀಶಂಕರ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಮೋಡ ಹರಿದ ಮರುದಿನ ಬಲೂನು ನಿಜಕ್ಕೂ ಹಾರಿತು. ಆದರೆ ಅವತ್ತು ಹಾಸನದ ಹೋಟೆಲಿನಿಂದ ನಾಲ್ವರು ಪರದೇಶದವರು ಬಂದಿದ್ದರು. ನಾಲ್ವರೂ ಕಮಲಾಕ್ಷಮ್ಮನ ತಕ್ಕಡಿಯ ಮೇಲೆ ನಿಂತು ತೂಗಿಸಿಕೊಂಡು ಹತ್ತಿದರು. ಆಕೆಗೆ ಜಾಗವಿರಲಿಲ್ಲ. ಆಕೆ ಹಗ್ಗ ಹಿಡಿದು ನಿಂತಳು. ಬಿಡಿ ಎಂದಾಗ ಬಿಟ್ಟಳು. ಕೆಂಪು ಹಳದಿ ಪಟ್ಟೆಯ ಆ ದೊಡ್ಡ ಗುಡಾಣ ಸದ್ದಿಲ್ಲದೆ ಎದ್ದು, ತೆಂಗಿನ ತಲೆಗಳನ್ನು ದಾಟಿ, ನಿಂಬೆಹಣ್ಣಿನಷ್ಟಾಗಿ ಸಾಲಗಾಮೆಯ ದಿಕ್ಕಿಗೆ ತೇಲಿಹೋಯಿತು. ಅದುವರೆಗೆ ಅದು ಆಕೆಗೆ ಒಂದು ಆಸೆ. ಕಣ್ಣಾರೆ ಕಂಡ ಮೇಲೆ ಹಸಿವಾಯಿತು.

ಇತ್ತ ಹೊಲದ ಒಡೆಯ ಬೈರಯ್ಯನಿಗೆ ಬೇರೆಯದೇ ಸಂಕಟ. ಹೊಲದ ಮೂಲೆಯಲ್ಲೇ ಅವನ ಕಣ. ತುಂತುರಿಗೆ ಹೆದರಿ ಮುಚ್ಚಿಟ್ಟಿದ್ದ ರಾಗಿಯನ್ನು ಬಿಸಿಲು ಬಿದ್ದೊಡನೆ ಹೆದ್ದಾರಿಯ ಮೇಲೆ ಹರಡಿ, ಲಾರಿ ಬಸ್ಸುಗಳ ಚಕ್ರಕ್ಕೆ ಕೊಟ್ಟು ತುಳಿಸಿ, ಗುಡಿಸಿ ತಂದು ಕಣದಲ್ಲಿ ರಾಶಿ ಹಾಕಿದ್ದ. ಇನ್ನು ತೂರಿ ಹೊಟ್ಟು ಬೇರೆ ಮಾಡಬೇಕು. ಅದಕ್ಕೆ ಗಾಳಿ ಬೇಕು. ಬೇಡವಾದಾಗ ದಿನಾ ಬೀಸಿದ ಗಾಳಿ ಈಗ ಸತ್ತುಹೋಯಿತು. ಬೈರಯ್ಯ ತೂರುವವರು ನಿಲ್ಲುವ ಎತ್ತರದ ಮೆಟ್ಟಿನ ಮೇಲೆ ಮೊರ ಹಿಡಿದು ನಿಂತು, ಹಿರಿಯರು ಮಾಡುತ್ತಿದ್ದಂತೆ ತುಟಿ ಚೂಪು ಮಾಡಿ ಸಿಳ್ಳು ಹಾಕಿ ಗಾಳಿ ಕರೆಯುತ್ತಿದ್ದ. ಗಿರಣಿಯಿಂದ ಹೊಲಕ್ಕೆ ಬಂದ ಕಮಲಾಕ್ಷಮ್ಮ ಅದನ್ನು ಕೇಳಿ ಕೆಂಡವಾದಳು.

"ಬೈರಣ್ಣ, ಆ ಸಿಳ್ಳು ನಿಲ್ಸು ನೀನು. ನಿಂತಿರೋ ಗಾಳಿನ ಯಾಕೆ ಎಬ್ಬಿಸ್ತೀಯಾ?"

"ಅದೆಂಗಕ್ಕ ನಿಲ್ಸಲಿ? ನಾಳಿದ್ದು ತಿರ್ಗ ಮಳೆ ಅಂತ ರೇಡಿಯೋದಾಗೆ ಯೋಳವ್ರೆ. ರಾಸಿ ನೆಂದ್ರೆ ಮೊಳ್ಕೆ ಬತ್ತದೆ. ನಿಂಗೆ ಮ್ಯಾಕ್ಕೋಗೋ ಯೋಚ್ನೆ, ನಂಗೆ ವರ್ಸದ ಇಟ್ಟಿನ ಯೋಚ್ನೆ."

ಅವನದೂ ಸುಳ್ಳಲ್ಲ. ಆಕೆ ಗಿರಣಿಯ ಕಡೆ ತಿರುಗಿದಳು. ಅದೇ ಸಂಜೆ ಶಶಿಕಿರಣ್ ಬಂದು, ಮಳೆಯ ಸುದ್ದಿ ಕೇಳಿ ಕಂಪನಿ ನಾಳೆ ಮಧ್ಯಾಹ್ನವೇ ಮೈಸೂರಿಗೆ ಹೊರಡುತ್ತದೆ, ಬೆಳಿಗ್ಗೆ ಒಂದು ಹಾರಾಟ ಉಂಟು, ಅದರಲ್ಲಿ ಜಾಗ ಆಕೆಯದೇ ಎಂದು ಹೇಳಿಹೋದ. ಕರೆಂಟು ಬಂದರೆ ಏನು ಗತಿ ಎಂದು ಗೌರೀಶಂಕರ ಕೇಳಲಿಲ್ಲ. ಹೋಗಿ ಬಾ, ಗಿರಣಿ ಮುಚ್ಚಿರಲಿ ಎಂದ.

ಅಂಥ ಬೆಳಗು ಆ ಚಳಿಗಾಲದಲ್ಲೇ ಬಂದಿರಲಿಲ್ಲ. ಮಂಜಿಲ್ಲ, ಮೋಡವಿಲ್ಲ. ಊರಿನ ಒಲೆಗಳ ಹೊಗೆ ಕಡ್ಡಿ ನೆಟ್ಟಂತೆ ನಿಂತಿತ್ತು. ಆತ್ರೇಯ ಬಿಟ್ಟ ಕಪ್ಪು ಪುಗ್ಗೆ ಎಷ್ಟು ಮೇಲೆ ಹೋದರೂ ತಲೆಯ ಮೇಲೇ ತೂಗುತ್ತಿತ್ತು. ಅವನ ಮುಖ ಅರಳಿದ್ದನ್ನು ಆಕೆ ಮೊದಲ ಸಲ ಕಂಡಳು. ಇಂಥ ಹೊತ್ತು ಹೆಚ್ಚು ನಿಲ್ಲುವುದಿಲ್ಲ, ಬಿಸಿಲು ಬಲಿತರೆ ಗಾಳಿ ಏಳುತ್ತದೆ, ಬೇಗ ಬೇಗ ಎಂದು ಆಳುಗಳಿಗೆ ಹೇಳಿ, ಜೊತೆಗೆ ಬರಬೇಕಿದ್ದ ಹೊಳೆನರಸೀಪುರದ ನಿವೃತ್ತ ಮೇಷ್ಟರು ತಿರುನಾರಾಯಣರನ್ನು ಹೆದ್ದಾರಿಯಿಂದ ಕರೆತರಲು ತಾನೇ ಜೀಪು ತೆಗೆದುಕೊಂಡು ಹೋದ. ಮೇಷ್ಟರು ಸಂಧ್ಯಾವಂದನೆ ಮುಗಿಸದೆ ಮನೆ ಬಿಡುವವರಲ್ಲ, ಅವರ ಬಸ್ಸು ಆಗಷ್ಟೇ ಬರುವುದಿತ್ತು.

ಆಳುಗಳು ಬಲೂನಿನ ಬಟ್ಟೆಯನ್ನು ಹೊಲದುದ್ದಕ್ಕೂ ಹಾಸಿ, ಬುಟ್ಟಿಯನ್ನು ಮಗ್ಗುಲಾಗಿ ಮಲಗಿಸಿ ಕಟ್ಟಿದರು. ಮೊದಲು ತಣ್ಣನೆ ಗಾಳಿ ತುಂಬಿಸಬೇಕು. ಅದಕ್ಕೊಂದು ಫ್ಯಾನು, ಆಳೆತ್ತರದ ಕಬ್ಬಿಣದ ಬಲೆಯೊಳಗೆ ಪೆಟ್ರೋಲ್ ಎಂಜಿನ್ನು, ಅದಕ್ಕೆ ವಿಮಾನದ್ದರಂಥ ರೆಕ್ಕೆ. ಸರಿಯಾಗಿದೆಯೋ ನೋಡಲು ಅದನ್ನು ಒಮ್ಮೆ ಓಡಿಸಿದರು. ಕಣದಲ್ಲಿದ್ದ ಬೈರಯ್ಯನ ಪಂಚೆ ಪಟಪಟನೆ ಹಾರಿತು. ಮೊರ ಹಿಡಿದು ಸಪ್ಪಗೆ ನಿಂತಿದ್ದ ಮನುಷ್ಯ ಒಮ್ಮೆ ಫ್ಯಾನನ್ನು ನೋಡಿದ, ಒಮ್ಮೆ ರಾಶಿಯನ್ನು ನೋಡಿದ, ಆಮೇಲೆ ಬಂದು ಕಮಲಾಕ್ಷಮ್ಮನ ಮುಂದೆ ನಿಂತ.

"ಕಮ್ಲಕ್ಕ, ಅವ್ರು ಬರಗಂಟ ಆ ಫ್ಯಾನ್ನ ವಸಿ ಇತ್ಲಾಗೆ ತಿರುಗ್ಸಕ್ಕೇಳು. ನೀನೇಳುದ್ರೆ ಸಸಿಕಿರಣ ಇಲ್ಲ ಅನ್ನಕ್ಕಿಲ್ಲ."

ಕಣದವರು ಗಾಳಿ ಕೇಳಿದರೆ ಇಲ್ಲವೆನ್ನುವ ಬಾಯಿ ಆ ಸೀಮೆಯಲ್ಲಿ ಯಾರಿಗಿದೆ? ಅದೂ ಅವತ್ತು ಆಕೆಯ ಮನಸ್ಸು ಹೂವಿನಂತಿತ್ತು. ತನಗೆ ಸಿಕ್ಕ ಬೆಳಗಿನಲ್ಲಿ ಅವನಿಗೂ ಒಂದು ಪಾಲು ಸಿಗಲಿ ಎನಿಸಿತು. "ಬಲೂನಿಗೆ ಬೀಳ್ದಂಗೆ ಆಕಡಿಕೆ ತಿರುಗಿಸ್ಕೊಡಪ್ಪ ಸಸಿ, ವಸಿ ತೂರ್ಕಳ್ಳಿ," ಎಂದಳು. ರೈತರ ಮನೆಯಲ್ಲೇ ಹುಟ್ಟಿದ ಶಶಿಕಿರಣನಿಗೂ ಅದು ತಪ್ಪೆನಿಸಲಿಲ್ಲ. ಬಲೂನಿಗೆ ಬೆನ್ನು, ಕಣಕ್ಕೆ ಮುಖ ಮಾಡಿಸಿ ಫ್ಯಾನು ಓಡಿಸಿದರು. ಬೈರಯ್ಯ ಮೆಟ್ಟು ಹತ್ತಿದ. ಅವನ ಹೆಂಡತಿ ಸುಬ್ಬಮ್ಮ ಮೊರ ತುಂಬಿ ತುಂಬಿ ಕೊಟ್ಟಳು. ಕಮಲಾಕ್ಷಮ್ಮನಿಗೂ ಕೈ ತುರಿಸಿತು. ಹೊಸ ಬೂಟನ್ನು ಕಣದಾಚೆ ಬಿಚ್ಚಿಟ್ಟು, ಬರಿಗಾಲಲ್ಲಿ ಹೋಗಿ ತಾನೂ ಒಂದು ಮೊರ ಹಿಡಿದಳು. ರಾಗಿ ಸರಸರನೆ ಕಾಲಬಳಿ ಸುರಿಯಿತು. ಹೊಟ್ಟು ಹೊಗೆಯಂತೆ ಎದ್ದಿತು. ಎಲ್ಲರೂ ಬೆವರಿ ನಗುತ್ತಿದ್ದರು.

ನಿಜವಾದ ಗಾಳಿಯಾದರೆ ಹೊಟ್ಟನ್ನು ಹೊಲದಾಚೆಗೆ ಹೊತ್ತುಕೊಂಡು ಹೋಗುತ್ತದೆ. ಅವತ್ತು ಗಾಳಿಯಿರಲಿಲ್ಲ. ಫ್ಯಾನು ಎಬ್ಬಿಸಿದ ಹೊಟ್ಟು ಅಷ್ಟು ದೂರ ಹೋಗಿ, ಮುಂದೆ ಒಯ್ಯುವವರಿಲ್ಲದೆ, ಮಂಜಿನಂತೆ ನಿಂತಲ್ಲೇ ನಿಂತಿತು, ಮೆಲ್ಲಗೆ ಹೊಲವನ್ನೆಲ್ಲ ತುಂಬಿತು. ಯಾರೂ ಅದನ್ನು ಗಮನಿಸಲಿಲ್ಲ. ಅಷ್ಟರಲ್ಲಿ ಹೆದ್ದಾರಿಯ ತಿರುವಿನಲ್ಲಿ ಜೀಪು ಕಂಡಿತು. ಶಶಿಕಿರಣ್ ಗಡಿಬಿಡಿಯಲ್ಲಿ ಫ್ಯಾನನ್ನು ತಿರುಗಿಸಿ ಬಲೂನಿನ ಬಾಯಿಗೆ ಹಿಡಿಸಿದ. ಫ್ಯಾನು ಮುಂದಕ್ಕೆ ಊದಬೇಕಾದರೆ ಹಿಂದಿನಿಂದ ಎಳೆದುಕೊಳ್ಳಬೇಕಲ್ಲ. ತೇಲುತ್ತಿದ್ದ ಹೊಟ್ಟನ್ನೆಲ್ಲ ಅದು ಗಟಗಟನೆ ಕುಡಿದು ಬಲೂನಿನ ಹೊಟ್ಟೆಗೆ ತುಂಬಿತು.

ಆತ್ರೇಯ ಜೀಪಿನಿಂದ ಇಳಿದವನು ಬಲೂನಿನ ಬಾಯೊಳಗೆ ಬಗ್ಗಿ ನೋಡಿ, ಕೈಯೆತ್ತಿ ಫ್ಯಾನು ನಿಲ್ಲಿಸಿದ. ಕೂಗಾಡಲಿಲ್ಲ. ಒಂದು ಹಿಡಿ ಹೊಟ್ಟನ್ನು ತಂದು ಶಶಿಕಿರಣನ ಅಂಗೈಗೆ ಹಾಕಿದ. ಒಣಹೊಟ್ಟಿನ ನಡುವೆ ಬೆಂಕಿ ಹಚ್ಚಿದರೆ ಕಿಡಿ ಹಾರಿ ಬಟ್ಟೆ ತೂತಾಗುತ್ತದೆ, ಮೇಲೆ ಹೋದಾಗ ಹಾಗಾದರೆ ಯಾರು ಹೊಣೆ ಎಂದು ಕೇಳಿದ.

ಎಲ್ಲರೂ ಸೇರಿ ಬಟ್ಟೆಯನ್ನು ಮಗುಚಿ ಕೊಡವಿದರು. ಪಂಚೆ ಎತ್ತಿ ಕಟ್ಟಿದ ಮೇಷ್ಟರು ಒಂದು ತುದಿ ಹಿಡಿದರು. ಬೈರಯ್ಯನೂ ಸುಬ್ಬಮ್ಮನೂ ರಾಶಿ ಬಿಟ್ಟು ಬಂದರು. ಕಮಲಾಕ್ಷಮ್ಮ ಬಟ್ಟೆಯೊಳಗೇ ನುಗ್ಗಿ ಸೆರಗಿನಿಂದ ಹೊಡೆದಳು, ಅಂಗೈಯಿಂದ ಬಳಿದಳು, ಹೊಲಿಗೆಯ ಸಂದಿನಲ್ಲಿ ಸಿಕ್ಕಿದ್ದನ್ನು ಉಗುರಿನಿಂದ ಕೆದಕಿದಳು. ಒಳಗೆ ಕೆಂಪು ಹಳದಿ ಬೆಳಕು, ತಲೆಗೆ ತಾಗುವ ಬಟ್ಟೆ. ಬಲೂನಿನ ಒಳಗೆ ಆಕೆ ಇದ್ದದ್ದು ಅಷ್ಟೇ ಹೊತ್ತು. ತಲೆಯೆಲ್ಲ ಹೊಟ್ಟು ಮಾಡಿಕೊಂಡು ಹೊರಗೆ ಬಂದು ನೋಡುತ್ತಾಳೆ, ಬಿಸಿಲು ಹೊಲದ ತುಂಬ ಹಬ್ಬಿದೆ, ಹುಣಸೆಮರ ಮೆಲ್ಲಗೆ ತಲೆಯಾಡಿಸುತ್ತಿದೆ. ಆತ್ರೇಯ ಇನ್ನೊಂದು ಕಪ್ಪು ಪುಗ್ಗೆ ಬಿಟ್ಟ. ಅದು ಓರೆಯಾಗಿ ಎದ್ದು ಚನ್ನರಾಯಪಟ್ಟಣದ ದಿಕ್ಕಿಗೆ ಓಡಿತು. ಅವನು ಹೇಳುವ ಮೊದಲೇ ಆಕೆಗೆ ತಿಳಿದಿತ್ತು.

ಮುಂದಿನ ವರ್ಷ ಬರುತ್ತೇವೆ ಅಮ್ಮಾ ಎಂದ ಆತ್ರೇಯ. ಆಕೆ ತಲೆಯಾಡಿಸಿ, ಕಣದಾಚೆ ಬಿಟ್ಟಿದ್ದ ಬೂಟನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಊರ ಕಡೆ ನಡೆದಳು. ಮಧ್ಯಾಹ್ನದ ಹೊತ್ತಿಗೆ ಗಾಳಿ ಎಷ್ಟು ಚೆನ್ನಾಗಿ ಬೀಸಿತೆಂದರೆ, ಬೈರಯ್ಯನ ರಾಶಿ ಒಂದು ಕಡ್ಡಿ ಹೊಟ್ಟಿಲ್ಲದಂತೆ ತೂರಿ ಮನೆ ಸೇರಿತು. ಮರುದಿನ ಮಳೆಯೂ ಬಂತು. ಬೈರಯ್ಯನ ಮನೆಯವರು ನೆಮ್ಮದಿಯಿಂದ ಮಲಗಿದರು.

ಮಳೆ ನಿಂತ ಮೇಲೆ ಅವನು ಹೊಸ ರಾಗಿಯ ಚೀಲ ಹೊತ್ತು ಗಿರಣಿಗೆ ಬಂದ. ಕರೆಂಟಿತ್ತು, ಗಿರಣಿ ಗಡಗಡನೆ ಓಡುತ್ತಿತ್ತು, ಸರದಿಯಲ್ಲಿ ಜನ ಕೂತಿದ್ದರು.

"ಇದ್ನ ಸಾಲಗಾಮೆಗೋಗಿ ಬೀಸಿಸ್ಕೊ ಬೈರಣ್ಣ," ಎಂದಳು ಕಮಲಾಕ್ಷಮ್ಮ. "ಇಲ್ಲಿ ಗಿರಣಿ ಕೆಟ್ಟದೆ."

ಬೈರಯ್ಯ ಓಡುವ ಗಿರಣಿಯನ್ನು ನೋಡಿದ, ಆಕೆಯ ಮುಖ ನೋಡಿದ. "ಫ್ಯಾನ್ ತಿರುಗ್ಸು ಅಂದೋಳು ನೀನೇ ಅಲ್ವಾ ಕಮ್ಲಕ್ಕ?" ಎಂದು ಮೆಲ್ಲಗೆ ಕೇಳಿದ.

"ಊಂ, ನಾನೇ. ಅದಕ್ಕೇ ಕೆಟ್ಟಿರೋದು."

ಸರದಿಯವರು ಯಾರೂ ನಗಲಿಲ್ಲ. ಬೈರಯ್ಯ ಚೀಲ ಹೊತ್ತು ಬಸ್ಸಿಗೆ ನಡೆದ. ಗೌರೀಶಂಕರ ಸಂಜೆ ಬುದ್ಧಿ ಹೇಳಲು ನೋಡಿದ. ಆಕೆ ಅನ್ನ ಬಡಿಸಿ ಎದ್ದುಹೋದಳು. ಆ ವರ್ಷದ ಬೆಳೆ ಮುಗಿಯುವ ತನಕ ಬೈರಯ್ಯ ಸಾಲಗಾಮೆಯಲ್ಲೇ ಹಿಟ್ಟು ಮಾಡಿಸಿಕೊಂಡ. ಆಕೆಯ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಅದನ್ನು ಕೂಡ ಆಕೆಗೆ ಸಹಿಸಲಾಗಲಿಲ್ಲ.

ಕಂಪನಿ ಮುಂದಿನ ವರ್ಷ ಬರಲಿಲ್ಲ, ಅದರಾಚೆಯ ವರ್ಷವೂ ಬರಲಿಲ್ಲ. ಮೊದಲೆಲ್ಲ ಕಮಲಾಕ್ಷಮ್ಮನಿಗೆ ಬೆಳಗೆಂದರೆ ಕರೆಂಟು ಇದೆಯೋ ಇಲ್ಲವೋ ಅಷ್ಟೇ. ಈಗ ಬಾಗಿಲು ತೆಗೆದೊಡನೆ ಕಣ್ಣು ಒಲೆಯ ಹೊಗೆಯ ಮೇಲೆ, ಮರದ ತುದಿಯ ಮೇಲೆ ಹೋಗುತ್ತದೆ. ಗಾಳಿ ಬೀಸುತ್ತಿದ್ದರೆ ಆಕೆ ಸಮಾಧಾನದಿಂದ ಗಿರಣಿಯ ಬೀಗ ತೆಗೆಯುತ್ತಾಳೆ. ಹೊಗೆ ನೆಟ್ಟಗೆ ನಿಂತು ಎಲೆ ಅಲ್ಲಾಡದ ದಿನ ಬಂತೆಂದರೆ ಗೌರೀಶಂಕರ ಸರದಿಯವರಿಗೆ ಮೊದಲೇ ಎಚ್ಚರಿಕೆ ಹೇಳಿಬಿಡುತ್ತಾನೆ, ಇವತ್ತು ಒಳಗೆ ಹೋಗಿ ಮಾತಾಡಿಸಬೇಡಿ ಎಂದು.